ವೈಫೈ ಪೆಟ್ಟಿಗೆಯೊಳಗಿನ ದಫ್ತರ

ಊರು ಬಿಟ್ಟು ದುಡಿಯಲು ಬಂದ ನಮ್ಮವರು ನಾಲ್ಕೈದು ಮಂದಿ ಸೇರಿ ಒಂದು ಖೋಲಿ ಹಿಡಿದರೆಂದರೆ, ಸ್ಟೌ, ಕೊಡ, ಹಾಸಿಗೆಗಳ ಜೊತೆಗೆ ಈಗ ಇನ್ನೊಂದು ಸಾಮಾನೂ ಬಂದು ಸೇರುತ್ತದೆ. ಅದು ಗೋಡೆಯ ಮೊಳೆಗೆ ತೂಗುಹಾಕಿದ, ಎರಡು ಕೊಂಬಿನ ವೈಫೈ ಪೆಟ್ಟಿಗೆ. ಅಂಗಡಿಯವರು ಅದನ್ನು ರೌಟರ್ ಎನ್ನುತ್ತಾರೆ. ಮನೆಯವರ ಮುಖ ನೋಡುವುದಕ್ಕೂ, ತಿಂಗಳ ಹಣ ಕಳುಹಿಸುವುದಕ್ಕೂ, ತಮ್ಮಂದಿರು ಪರೀಕ್ಷೆಗೆ ಓದುವುದಕ್ಕೂ ಅದೇ ದಾರಿ. ಕೆಲವು ವರ್ಷ ಕಳೆದ ಮೇಲೆ ಪೆಟ್ಟಿಗೆ ಗಟ್ಟಿಯಾಗಿಯೇ ಇದ್ದರೂ, ಅದನ್ನು ಮಾಡಿದ ಕಂಪನಿ ಅದರೊಳಗಿನ ಸಾಫ್ಟ್‌ವೇರ್ ಅನ್ನು ತಿದ್ದಿ ಕೊಡುವುದನ್ನು ನಿಲ್ಲಿಸಿಬಿಡುವುದುಂಟು. ಆಮೇಲೆ ಕಳ್ಳರಿಗೆ ಗೊತ್ತಾದ ಬಿರುಕುಗಳು ಹಾಗೆಯೇ ಉಳಿಯುತ್ತವೆ. ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬೇಕಾಗುತ್ತದೆ.

ಇಂಥ ಪೆಟ್ಟಿಗೆಗೆ ಲಿನಕ್ಸ್ ಎಂಬ ಮುಕ್ತ ಸಾಫ್ಟ್‌ವೇರ್ ತುಂಬಿ ಇನ್ನಷ್ಟು ಕಾಲ ನಡೆಸಬಹುದೆಂದು ಕೇಳಿದ ಕೆಲವು ತರುಣರು ವಾಚನಾಲಯದಲ್ಲಿ ಒಂದು ಪ್ರಶ್ನೆ ಎತ್ತಿದರು: "ಒಂದು ರೌಟರಿಗೆ ಲಿನಕ್ಸ್ ಸಿಗುತ್ತದೆ, ಪಕ್ಕದ ಇನ್ನೊಂದಕ್ಕೆ ಸಿಗುವುದಿಲ್ಲ. ಎರಡರೊಳಗೂ ಇರುವುದು ಅದೇ ಚಿಪ್. ಇದೇನು ವಿಚಿತ್ರ?" ಪ್ರಶ್ನೆ ಒಳ್ಳೆಯದು. ನಾನು ಇಂಜಿನಿಯರನಲ್ಲ, ಗಿರಣಿಯ ಆಫೀಸಿನಲ್ಲಿ ಯಂತ್ರಗಳ ದಫ್ತರ ಬರೆಯುವವನು. ಆದರೆ ವಿಷಯದ ಒಳಹೊಕ್ಕು ನೋಡಿದರೆ ಇದೂ ದಫ್ತರದ ಮಾತೇ. ಆ ಪೆಟ್ಟಿಗೆಯಲ್ಲಿ ಏನೇನಿದೆ, ಎಲ್ಲೆಲ್ಲಿದೆ ಎಂದು ಯಾರಾದರೂ ಸರಿಯಾಗಿ ಬರೆದಿಟ್ಟಿದ್ದರೆ ಲಿನಕ್ಸ್ ಅದರಲ್ಲಿ ನಡೆಯುತ್ತದೆ, ಬರೆದಿಡದಿದ್ದರೆ ನಡೆಯುವುದಿಲ್ಲ. ಆ ಬರಹಕ್ಕೆ ಡಿವೈಸ್ ಟ್ರೀ ಎಂದು ಹೆಸರು. ಅದರ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಹಾಜರಿಗೆ ಓಗೊಡುವವರು, ಓಗೊಡದವರು

ರೌಟರ್ ಎಂಬುದು ಒಂದು ಸಣ್ಣ ಕಂಪ್ಯೂಟರ್. ಅದರೊಳಗೆ ಲೆಕ್ಕ ಮಾಡುವ ಪ್ರೊಸೆಸರ್ ಇದೆ, ನೆನಪಿನ ಚಿಪ್ ಇದೆ, ಗಾಳಿಯಲ್ಲಿ ಸಂಕೇತ ಕಳುಹಿಸುವ ರೇಡಿಯೋ ಇದೆ, ಮಿನುಗುವ ದೀಪಗಳಿವೆ, ಒಂದೆರಡು ಗುಂಡಿಗಳಿವೆ. ಇವುಗಳನ್ನೆಲ್ಲ ಆಳುವ ಮೇಲ್ವಿಚಾರಕನಂತಿರುವುದು ಲಿನಕ್ಸಿನ ಕರ್ನೆಲ್. ಒಂದೊಂದು ಭಾಗದ ಕೆಲಸ ಬಲ್ಲ ಸಹಾಯಕರು ಅದರ ಕೈಕೆಳಗಿದ್ದಾರೆ. ಅವರಿಗೆ ಡ್ರೈವರ್ ಎನ್ನುತ್ತಾರೆ. ವಿದ್ಯುತ್ ಬಂದ ಕೂಡಲೇ ಕರ್ನೆಲ್ ಮಾಡಬೇಕಾದ ಕೆಲಸಗಳಲ್ಲೊಂದು, ಕೈಗೆ ಸಿಕ್ಕ ಯಂತ್ರದಲ್ಲಿ ಯಾವ ಯಾವ ಭಾಗಗಳಿವೆ ಎಂದು ತಿಳಿದು, ತಕ್ಕ ಸಹಾಯಕರನ್ನು ತಕ್ಕ ಜಾಗಕ್ಕೆ ನೇಮಿಸುವುದು.

ಕೆಲವು ಭಾಗಗಳು ಹಾಜರಿ ಕರೆದರೆ ಓಗೊಡುತ್ತವೆ. ನಿಮ್ಮ ಕಂಪ್ಯೂಟರಿಗೆ ಯುಎಸ್‌ಬಿ ಕಡ್ಡಿಯೊಂದನ್ನು ಸಿಕ್ಕಿಸಿದರೆ, "ನೀನು ಯಾರು?" ಎಂದು ಕರ್ನೆಲ್ ಕೇಳುತ್ತದೆ, ಅದು ತನ್ನ ತಯಾರಕನ ಸಂಖ್ಯೆ, ತನ್ನ ಮಾಲಿನ ಸಂಖ್ಯೆ ಎರಡನ್ನೂ ಹೇಳುತ್ತದೆ. ಪಿಸಿಐ ಎಂಬ ದಾರಿಯ ಮೇಲೆ ಕೂತ ಕಾರ್ಡುಗಳೂ ಹೀಗೆಯೇ. ಗಿರಣಿಯ ಗೇಟಿನಲ್ಲಿ ಟಿಕೆಟ್ ನಂಬರು ಹೇಳಿ ಒಳಗೆ ಬರುವ ಕೆಲಸಗಾರರಂತೆ ಇವು.

ಆದರೆ ಅಗ್ಗದ ಸಣ್ಣ ಯಂತ್ರಗಳಲ್ಲಿ ಹೆಚ್ಚಿನ ಭಾಗಗಳು ಮೂಕ. ಅವು ಪ್ರೊಸೆಸರಿನ ಚಿಪ್ಪಿನಲ್ಲೇ ಅಚ್ಚಾಗಿ, ನೆನಪಿನ ಒಂದು ವಿಳಾಸದಲ್ಲಿ ಸುಮ್ಮನೆ ಕೂತಿರುತ್ತವೆ; ಇಲ್ಲವೇ ಎರಡು ಮೂರು ತಂತಿಯ ತುದಿಯಲ್ಲಿ ಬೆಸುಗೆ ಹಾಕಿಸಿಕೊಂಡಿರುತ್ತವೆ. "ಯಾರಿದ್ದೀರಿ?" ಎಂದರೆ ಉತ್ತರವಿಲ್ಲ. ಕುರುಡುಗೈಯಿಂದ ತಡವಿ ನೋಡೋಣವೆಂದರೆ ಅದು ಅಪಾಯ. ತಪ್ಪು ವಿಳಾಸ ಮುಟ್ಟಿದರೆ ಯಂತ್ರವೇ ನಿಂತುಹೋಗಬಹುದು. ಹೊಸದಾಗಿ ಬಂದ ಫಿಟ್ಟರ್ ಕತ್ತಲಲ್ಲಿ ಗಿರಣಿ ಹೊಕ್ಕು, ಯಾವ ಸ್ವಿಚ್ಚು ಯಾವ ಮೋಟಾರಿನದೆಂದು ಒತ್ತಿ ಒತ್ತಿ ಕಂಡುಹಿಡಿಯಲು ಹೊರಟಂತೆ. ಅವನ ಕೈಗೆ ಮೊದಲು ನಕ್ಷೆ ಕೊಡಬೇಕು.

ಹಿಂದೆ ಹೇಗಿತ್ತು

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಅನ್ನು ಆರಂಭಿಸಿದ್ದು ಮೇಜಿನ ಮೇಲಿನ ಕಂಪ್ಯೂಟರಿಗಾಗಿ. ಅಂಥ ಕಂಪ್ಯೂಟರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಇಂದಿನವುಗಳಲ್ಲಿ ಎಸಿಪಿಐ ಎಂಬ ಬೇರೊಂದು ವ್ಯವಸ್ಥೆ ಭಾಗಗಳ ಪಟ್ಟಿಯನ್ನು ಕೊಡುತ್ತದೆ. ಮುಂದೆ ಲಿನಕ್ಸ್ ಫೋನುಗಳಿಗೂ ರೌಟರುಗಳಿಗೂ ಇಳಿದು ಬಂತು. ಅಲ್ಲಿ ಆರ್ಮ್ ಮಾದರಿಯ ಪ್ರೊಸೆಸರನ್ನು ಹತ್ತಾರು ಕಂಪನಿಗಳು ತಮ್ಮ ತಮ್ಮ ಇಷ್ಟದಂತೆ ಸುತ್ತುಗಟ್ಟಿ ಮಾರುತ್ತಿದ್ದವು. ಒಂದೊಂದು ಬೋರ್ಡಿಗೂ ಒಂದೊಂದು ಜೋಡಣೆ. ಆ ಜೋಡಣೆಯ ವಿವರವನ್ನೆಲ್ಲ ಕರ್ನೆಲಿನ ಒಳಗೇ, ಪ್ರೋಗ್ರಾಮಿನ ರೂಪದಲ್ಲಿ ಬರೆಯುವ ರೂಢಿಯಿತ್ತು. ಬೋರ್ಡು ಬದಲಾದರೆ ಕರ್ನೆಲನ್ನೇ ಹೊಸದಾಗಿ ಕಟ್ಟಬೇಕು. ಇದು ಹೇಗೆಂದರೆ, ಪ್ರತಿ ಗಿರಣಿಯ ಯಂತ್ರಗಳ ಪಟ್ಟಿಯನ್ನೂ ಫಿಟ್ಟರ್ ಕಲಿಯುವ ಪಠ್ಯಪುಸ್ತಕದಲ್ಲೇ ಅಚ್ಚು ಹಾಕಿಸಿದಂತೆ. ಪುಸ್ತಕ ಉಬ್ಬುತ್ತಾ ಹೋಯಿತು. ಒಬ್ಬರ ತಿದ್ದುಪಡಿ ಇನ್ನೊಬ್ಬರದಕ್ಕೆ ಅಡ್ಡ ಬರತೊಡಗಿತು. 2011ರ ಮಾರ್ಚಿನಲ್ಲಿ ಟೋರ್ವಾಲ್ಡ್ಸ್ ಅವರು ಈ ಗೊಂದಲದ ಬಗ್ಗೆ ಬಹಿರಂಗವಾಗಿಯೇ ಕಟುವಾದ ಅಸಮಾಧಾನ ತೋರಿಸಿದರು.

ಪರಿಹಾರ ಹೊಸದೇನಲ್ಲ, ಮನೆಯಲ್ಲೇ ಇತ್ತು. ಸನ್ ಮತ್ತು ಆಪಲ್ ಕಂಪನಿಗಳ ಹಳೆಯ ಯಂತ್ರಗಳಲ್ಲಿ ಓಪನ್ ಫರ್ಮ್‌ವೇರ್ ಎಂಬ ವ್ಯವಸ್ಥೆಯಿತ್ತು. ಅದರ ನಿಯಮಗಳು 1994ರಲ್ಲಿ ಐಇಇಇ 1275 ಎಂಬ ಹೆಸರಿನಲ್ಲಿ ಪ್ರಮಾಣವಾಗಿದ್ದವು. ಅದರಲ್ಲಿ ಯಂತ್ರದ ಭಾಗಗಳ ವಿವರವನ್ನು ಮರದ ಆಕಾರದಲ್ಲಿ ಕೊಡುವ ಪದ್ಧತಿಯಿತ್ತು. ಪವರ್‌ಪಿಸಿ ಪ್ರೊಸೆಸರಿನ ಲಿನಕ್ಸ್ ಅದನ್ನು ಮೊದಲೇ ಬಳಸುತ್ತಿತ್ತು. 2011ರಿಂದೀಚೆಗೆ ಆರ್ಮ್ ಬಳಗವೂ ಅದೇ ದಾರಿ ಹಿಡಿಯಿತು. ಪಠ್ಯಪುಸ್ತಕ ಬೇರೆ, ಗಿರಣಿಯ ದಫ್ತರ ಬೇರೆ ಎಂದಾಯಿತು. ಹೀಗೆ ಒಂದೇ ಕರ್ನೆಲ್ ಬೇರೆ ಬೇರೆ ದಫ್ತರ ಓದಿ ಬೇರೆ ಬೇರೆ ಬೋರ್ಡುಗಳಲ್ಲಿ ನಡೆಯುವುದು ಸಾಧ್ಯವಾಯಿತು.

ದಫ್ತರ ಬರೆಯುವ ರೀತಿ

ಡಿವೈಸ್ ಟ್ರೀ ಎಂದರೆ ಸಾಮಾನ್ಯ ಅಕ್ಷರಗಳಲ್ಲಿ ಬರೆದ ಒಂದು ಕಡತ. ಮನೆಗಳಲ್ಲಿ ಗೋಡೆಗೆ ಹಾಕಿರುವ ವಂಶವೃಕ್ಷವನ್ನು ನೆನೆಸಿಕೊಳ್ಳಿ. ಎಲ್ಲಕ್ಕೂ ಬೇರು ಒಂದು. ಅದು ಇಡೀ ಬೋರ್ಡು. ಬೇರಿನಿಂದ ಕೊಂಬೆ, ಕೊಂಬೆಯಿಂದ ಟಿಸಿಲು. ಕಬ್ಬಿನ ಜಲ್ಲೆಗೆ ಗೆಣ್ಣು ಇರುವಂತೆ ಈ ಮರಕ್ಕೂ ಗೆಣ್ಣುಗಳಿವೆ. ಒಂದೊಂದು ಗೆಣ್ಣು ಒಂದೊಂದು ಭಾಗದ ಪುಟ. ಯಾವ ಭಾಗ ಯಾವ ದಾರಿಯ ಮೇಲೆ ಕೂತಿದೆಯೋ ಆ ದಾರಿಯ ಗೆಣ್ಣಿನ ಕೆಳಗೇ ಅದರ ಪುಟ.

ಪುಟದೊಳಗೆ ಕೆಲವು ಕಲಮುಗಳಿರುತ್ತವೆ. ಮುಖ್ಯವಾದವು ನಾಲ್ಕು:

ಒಂದನೆಯದು ಕಂಪ್ಯಾಟಿಬಲ್. ಈ ಭಾಗ ಯಾವ ಜಾತಿಯದು, ಯಾವ ಡ್ರೈವರ್ ಇದಕ್ಕೆ ಒಪ್ಪುತ್ತದೆ ಎಂಬುದು. ಮೊದಲು ತಯಾರಕನ ಹೆಸರು, ಅಲ್ಪವಿರಾಮ, ಆಮೇಲೆ ಮಾಲಿನ ಹೆಸರು. ಡ್ರೈವರಿನ ಹತ್ತಿರವೂ ತನಗೆ ಒಪ್ಪುವ ಹೆಸರುಗಳ ಪಟ್ಟಿಯಿರುತ್ತದೆ. ಎರಡೂ ತಾಳೆಯಾದರೆ ನೇಮಕ ಆಯಿತು. ಒಂದಕ್ಷರ ತಪ್ಪಿದರೂ ತಾಳೆಯಾಗದು.

ಎರಡನೆಯದು ರೆಗ್. ಭಾಗದ ವಿಳಾಸ: ಎಲ್ಲಿ ಆರಂಭ, ಎಷ್ಟು ಉದ್ದ.

ಮೂರನೆಯದು ಇಂಟರಪ್ಟ್ಸ್. ಆ ಭಾಗಕ್ಕೆ ಏನಾದರೂ ಹೇಳುವುದಿದ್ದರೆ ಪ್ರೊಸೆಸರಿನ ಯಾವ ಕರೆಗಂಟೆಯನ್ನು ಬಾರಿಸುತ್ತದೆ ಎಂಬುದು.

ನಾಲ್ಕನೆಯದು ಸ್ಟೇಟಸ್. "ಓಕೆ" ಎಂದು ಬರೆದಿದ್ದರೆ ಬಳಕೆಯಲ್ಲಿದೆ. "ಡಿಸೇಬಲ್ಡ್" ಎಂದಿದ್ದರೆ ಇದ್ದರೂ ಮುಟ್ಟಬಾರದು.

ಇವಲ್ಲದೆ ಗಡಿಯಾರದ ಬಡಿತ ಎಲ್ಲಿಂದ, ವಿದ್ಯುತ್ತು ಯಾವ ಕಡೆಯಿಂದ, ಯಾವ ಕಾಲುಗಳು ಯಾವ ಕೆಲಸಕ್ಕೆ ಎಂಬ ಕಲಮುಗಳೂ ಅಗತ್ಯವಿದ್ದಲ್ಲಿ ಸೇರುತ್ತವೆ. ಯಾವ ಭಾಗಕ್ಕೆ ಯಾವ ಕಲಮು ಕಡ್ಡಾಯ, ಯಾವುದು ಐಚ್ಛಿಕ ಎಂಬ ನಿಯಮಪುಸ್ತಕಕ್ಕೆ ಬೈಂಡಿಂಗ್ ಎನ್ನುತ್ತಾರೆ. ಅದು ಕರ್ನೆಲಿನ ಜೊತೆಗೇ ಬರುತ್ತದೆ. ಬರೆದದ್ದು ನಿಯಮದಂತಿದೆಯೇ ಎಂದು ಪರೀಕ್ಷಿಸುವ ಸಾಧನವೂ ಉಂಟು.

ಒಂದೇ ಚಿಪ್ ಹಾಕಿದ ಬೋರ್ಡುಗಳು ಅನೇಕ. ಪ್ರತಿ ಬೋರ್ಡಿಗೂ ಎಲ್ಲವನ್ನೂ ಮತ್ತೆ ಬರೆಯುವುದು ವ್ಯರ್ಥ. ಆದುದರಿಂದ ಚಿಪ್ಪಿನ ಒಳಗಿನ ಸಂಗತಿಗಳನ್ನು ಒಂದು ಸಾಮಾನ್ಯ ಕಡತದಲ್ಲಿ ಬರೆದಿಡುತ್ತಾರೆ. ಅದರ ಹೆಸರಿನ ಕೊನೆಗೆ ಡಿಟಿಎಸ್‌ಐ ಎಂದಿರುತ್ತದೆ. ಬೋರ್ಡಿನ ಕಡತ ಅದನ್ನು ಸೇರಿಸಿಕೊಂಡು, ತನ್ನಲ್ಲಿ ಮಾತ್ರ ಇರುವುದನ್ನು ಪುರವಣಿಯಂತೆ ಬರೆಯುತ್ತದೆ. ಅದರ ಹೆಸರಿನ ಕೊನೆಗೆ ಡಿಟಿಎಸ್. ಈ ಎರಡನ್ನೂ ಡಿಟಿಸಿ ಎಂಬ ಸಾಧನ ಓದಿ, ಯಂತ್ರಕ್ಕೆ ಬೇಕಾದ ಅಡಕ ರೂಪಕ್ಕೆ ತರುತ್ತದೆ, ಅದು ಡಿಟಿಬಿ. ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ಈ ಡಿಟಿಬಿಯನ್ನು ಕರ್ನೆಲಿನ ಕೈಗಿಡುತ್ತದೆ. ಕೆಲವು ರೌಟರುಗಳಲ್ಲಿ ಅದನ್ನು ಕರ್ನೆಲಿಗೇ ಅಂಟಿಸಿರುತ್ತಾರೆ.

ಚಿಪ್ಪಿನೊಳಗೇ ಇರುವ ರೇಡಿಯೋ

ಈಗ ನಿಜವಾದ ಒಂದು ಪುಟ ತೆರೆಯೋಣ. ಮೀಡಿಯಾಟೆಕ್ ಕಂಪನಿಯ ಎಂಟಿ 7628 ಎಂಬುದು ಅಗ್ಗದ ರೌಟರುಗಳಲ್ಲಿ ಬಹಳ ಬಳಕೆಯಾದ ಚಿಪ್. ಇದರಲ್ಲಿ ಪ್ರೊಸೆಸರೂ 2.4 ಗಿಗಾಹರ್ಟ್ಸ್ ವೈಫೈ ರೇಡಿಯೋವೂ ಒಂದೇ ತುಂಡಿನಲ್ಲಿವೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ರೌಟರ್ ಲಿನಕ್ಸಿನಲ್ಲಿ ಈ ರೇಡಿಯೋದ ಪುಟದಲ್ಲಿರುವುದನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ:

ಕಂಪ್ಯಾಟಿಬಲ್: ಮೀಡಿಯಾಟೆಕ್, ಎಂಟಿ7628-ಡಬ್ಲ್ಯುಮ್ಯಾಕ್.
ರೆಗ್: ಆರಂಭ 10300000, ಉದ್ದ 100000.
ಇಂಟರಪ್ಟ್ಸ್: 6.
ಸ್ಟೇಟಸ್: ಡಿಸೇಬಲ್ಡ್.

ವಿಳಾಸದ ಅಂಕೆಗಳು ಹದಿನಾರರ ಲೆಕ್ಕದವು. ನಮ್ಮ ಲೆಕ್ಕದಲ್ಲಿ ಒಂದೊಂದು ಸ್ಥಾನ ಎಡಕ್ಕೆ ಹೋದಂತೆ ಬೆಲೆ ಹತ್ತು ಪಟ್ಟಾದರೆ, ಇದರಲ್ಲಿ ಹದಿನಾರು ಪಟ್ಟು. 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ ಎಣಿಸುತ್ತಿದ್ದ ಹಿರಿಯರಿಗೆ ಇದು ಕಷ್ಟವಾಗಲಾರದು. 100000 ಎಂದರೆ ನಮ್ಮ ಲೆಕ್ಕದಲ್ಲಿ 1048576 ಬೈಟು, ಅಂದರೆ ಒಂದು ಮೆಗಾಬೈಟಿನ ಜಾಗ. ರೇಡಿಯೋದ ಗುಂಡಿ ತಿರುಪುಗಳೆಲ್ಲ ಆ ಜಾಗದಲ್ಲಿವೆ. ಡ್ರೈವರ್ ಅಲ್ಲಿ ಬರೆದರೆ ರೇಡಿಯೋ ಕೇಳುತ್ತದೆ. ರೇಡಿಯೋಗೆ ಏನಾದರೂ ತಿಳಿಸುವುದಿದ್ದರೆ 6ನೆಯ ಕರೆಗಂಟೆ ಬಾರಿಸುತ್ತದೆ.

ಸಾಮಾನ್ಯ ಕಡತದಲ್ಲಿ "ಡಿಸೇಬಲ್ಡ್" ಎಂದಿರುವುದೇಕೆ? ಚಿಪ್ಪಿನಲ್ಲಿ ರೇಡಿಯೋ ಇದ್ದರೂ ಬೋರ್ಡು ಮಾಡಿದವನು ಅದಕ್ಕೆ ಆಂಟೆನಾ ಜೋಡಿಸದೆ ಬಿಟ್ಟಿರಬಹುದು. ಆಂಟೆನಾ ಜೋಡಿಸಿದ್ದರೆ ಬೋರ್ಡಿನ ಕಡತ ಅದೇ ಪುಟ ತೆರೆದು "ಓಕೆ" ಎಂದು ತಿದ್ದುತ್ತದೆ. ಆ ಒಂದು ಸಾಲು ಬರೆಯದೆ ಹೋದರೆ, ಎಲ್ಲ ಸರಿಯಿದ್ದೂ ಪೆಟ್ಟಿಗೆಯಲ್ಲಿ ವೈಫೈ ಇಲ್ಲ. ತರುಣರ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇಲ್ಲಿದೆ: ಚಿಪ್ ಒಂದೇ ಆದರೂ ಬೋರ್ಡಿನ ಪುರವಣಿ ಬೇರೆ ಬೇರೆ, ಮತ್ತು ಅದನ್ನು ಯಾರಾದರೂ ಕೂತು ಬರೆಯಬೇಕು.

ಹೊರಗೆ ಕೂತ ರೇಡಿಯೋ

ಇನ್ನೊಂದು ಬಗೆಯ ಯಂತ್ರದಲ್ಲಿ ಪ್ರೊಸೆಸರ್ ಒಂದು ಚಿಪ್, ರೇಡಿಯೋ ಮತ್ತೊಂದು. ವಿದ್ಯಾರ್ಥಿಗಳು ಪ್ರಯೋಗಕ್ಕೆ ಬಳಸುವ, ಅಂಗೈಯಗಲದ ರಾಸ್ಪ್‌ಬೆರಿ ಪೈ 3 ಎಂಬ ಬೋರ್ಡು ಇದಕ್ಕೆ ಒಳ್ಳೆಯ ಉದಾಹರಣೆ. ಅದು 2016ರ ಫೆಬ್ರವರಿಯಲ್ಲಿ ಹೊರಬಂತು. ಅದರ ಮೇಲೆ ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ 43438 ಎಂಬ ಚಿಪ್ ಇದೆ. ವೈಫೈ ಮತ್ತು ಬ್ಲೂಟೂತ್ ಎರಡೂ ಅದರಲ್ಲೇ. ವೈಫೈ ಮಾತಾಡುವುದು ಎಸ್‌ಡಿಐಓ ಎಂಬ ದಾರಿಯಲ್ಲಿ; ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡಿನ ದಾರಿಗೆ ಇದು ಸೋದರ. ಪ್ರೊಸೆಸರಿನ 34ರಿಂದ 39ರವರೆಗಿನ ಆರು ಕಾಲುಗಳು ಇದಕ್ಕೆ ಮೀಸಲು: ತಾಳ ಹಾಕುವುದಕ್ಕೆ ಒಂದು, ಆಜ್ಞೆಗೆ ಒಂದು, ಮಾಹಿತಿಗೆ ನಾಲ್ಕು. ಅದಕ್ಕಾಗಿಯೇ ಪುಟದಲ್ಲಿ ದಾರಿಯ ಅಗಲ 4 ಎಂದು ಬರೆದಿದೆ. ಚಿಪ್ಪನ್ನು ಬೆಸುಗೆ ಹಾಕಿರುವುದರಿಂದ "ಕೀಳಲಾಗದ್ದು" ಎಂಬ ಕಲಮೂ ಇದೆ. ಯಾರೋ ಕಾರ್ಡು ಕಿತ್ತರೇ ಎಂದು ಕರ್ನೆಲ್ ಮತ್ತೆ ಮತ್ತೆ ಇಣುಕುವ ಶ್ರಮ ಇದರಿಂದ ತಪ್ಪುತ್ತದೆ.

ಎಸ್‌ಡಿಐಓ ದಾರಿಯ ಮೇಲಿನ ಚಿಪ್ ತನ್ನ ಹೆಸರನ್ನು ತಾನೇ ಹೇಳಬಲ್ಲದು. ಹಾಗಾದರೆ ದಫ್ತರವೇಕೆ ಎಂದು ಕೇಳಬಹುದು. ಹೆಸರು ಹೇಳಬೇಕಾದರೆ ಮೊದಲು ಎಚ್ಚರವಾಗಿರಬೇಕಷ್ಟೆ! ಈ ಚಿಪ್ಪನ್ನು ಎಬ್ಬಿಸಲು ಒಂದು ತಂತಿಯಿದೆ. ಆ ತಂತಿ ಕೆಳಮಟ್ಟದಲ್ಲಿರುವ ತನಕ ಚಿಪ್ ನಿದ್ದೆಯಲ್ಲಿರುತ್ತದೆ, ಮೇಲಕ್ಕೆತ್ತಿದರೆ ಏಳುತ್ತದೆ. ಯಾವ ತಂತಿ, ಯಾವ ಮಟ್ಟದಲ್ಲಿ ನಿದ್ದೆ ಎಂಬುದನ್ನು ಬರೆಯುವುದಕ್ಕೆಂದೇ ಪವರ್ ಸೀಕ್ವೆನ್ಸ್ ಎಂಬ ಪ್ರತ್ಯೇಕ ಗೆಣ್ಣು ಉಂಟು. ಇದೇ ಜಾತಿಯ ಎಷ್ಟೋ ಚಿಪ್ಪುಗಳಿಗೆ ಸೆಕೆಂಡಿಗೆ 32768 ಸಲ ಮಿಡಿಯುವ ನಿಧಾನ ಗಡಿಯಾರವೂ ಬೇಕು. ಕೈಗಡಿಯಾರದ ಸ್ಫಟಿಕ ಮಿಡಿಯುವುದೂ ಅಷ್ಟೇ ಸಲ. ಕೆಲವಕ್ಕೆ ಎದ್ದ ಮೇಲೆ ಮೈಮುರಿಯಲು ಇಷ್ಟು ಮಿಲಿಸೆಕೆಂಡು ಬಿಡುವು ಕೊಡಬೇಕೆಂದೂ ಬರೆಯುತ್ತಾರೆ. ಮಟ್ಟವನ್ನು ಮೇಲು ಕೆಳಗಾಗಿ ಬರೆದರೆ, ಎಬ್ಬಿಸಬೇಕಾದಾಗಲೆಲ್ಲ ಕರ್ನೆಲ್ ಅದನ್ನು ಮಲಗಿಸುತ್ತದೆ. ದುರಸ್ತಿಯವನು ಚಿಪ್ ಸತ್ತಿದೆ ಎಂದು ತಿಳಿಯುತ್ತಾನೆ.

ಇದಕ್ಕಿಂತ ಗಂಭೀರವಾದದ್ದು ವೋಲ್ಟೇಜು. ಇಂಥ ಚಿಪ್ಪುಗಳ ಮಾತಿನ ತಂತಿಗಳು ಕೆಲವು ಕಡೆ 3.3 ವೋಲ್ಟಿನವು, ಕೆಲವು ಕಡೆ 1.8 ವೋಲ್ಟಿನವು. ಬೋರ್ಡಿನಲ್ಲಿ 1.8 ವೋಲ್ಟಿಗೆ ಜೋಡಿಸಿದ ಕಡೆ ದಫ್ತರದಲ್ಲಿ 3.3 ಎಂದು ಬರೆದರೆ ಚಿಪ್ಪೇ ಸುಟ್ಟುಹೋಗುವ ಸಂಭವವಿದೆ. ಲೇಖನಿಯ ತಪ್ಪು ಲೋಹಕ್ಕೆ ತಟ್ಟುವುದು ಇಲ್ಲಿ.

ಈ ವೈಫೈ ಪುಟದ ಕಂಪ್ಯಾಟಿಬಲ್ ಕಲಮಿನಲ್ಲಿ ಬಿಸಿಎಂ 4329 ಎಂದಿದೆ. ಬೋರ್ಡಿನ ಮೇಲಿರುವುದು 43438 ಅಲ್ಲವೇ? 4329 ಎಂಬುದು ಈ ಮನೆತನದ ಹಿರಿಯ. "ಹಿರಿಯನೊಂದಿಗೆ ವ್ಯವಹರಿಸಬಲ್ಲವನು ನನ್ನೊಂದಿಗೂ ವ್ಯವಹರಿಸಬಹುದು" ಎಂಬುದೇ ಆ ಕಲಮಿನ ಅರ್ಥ. ಚಿಪ್ ಎದ್ದ ಮೇಲೆ ತನ್ನ ನಿಜವಾದ ಸಂಖ್ಯೆಯನ್ನು ಡ್ರೈವರಿಗೆ ತಾನೇ ಹೇಳುತ್ತದೆ.

ಅದೇ ಚಿಪ್ಪಿನ ಬ್ಲೂಟೂತ್ ಅರ್ಧಭಾಗದ ಕಥೆ ಬೇರೆ. ಅದು ಯುಆರ್ಟ್ ಎಂಬ ಸರಳವಾದ ಸೀರಿಯಲ್ ತಂತಿಗಳ ತುದಿಯಲ್ಲಿದೆ. ಆ ತಂತಿಗೆ "ಆ ಕಡೆ ಯಾರು?" ಎಂದು ಕೇಳುವ ನಿಯಮವೇ ಇಲ್ಲ. ಆದುದರಿಂದ ದಫ್ತರವೇ ಎಲ್ಲವನ್ನೂ ಹೇಳಬೇಕು: ಇಲ್ಲಿರುವುದು ಬಿಸಿಎಂ 43438ರ ಬ್ಲೂಟೂತ್, ಅದರ ಗರಿಷ್ಠ ವೇಗ ಸೆಕೆಂಡಿಗೆ 2000000 ಬಿಟ್, ಅದನ್ನು ಮಲಗಿಸುವ ತಂತಿ ಇಂಥದು.

ಹೆಸರು ಹೇಳುವವರಿಗೂ ಒಂದು ಪುಟ

ಕೆಲವು ರೌಟರುಗಳಲ್ಲಿ ವೇಗದ 5 ಗಿಗಾಹರ್ಟ್ಸ್ ರೇಡಿಯೋ ಪಿಸಿಐ ದಾರಿಯ ಮೇಲಿರುತ್ತದೆ. ಅದು ಹಾಜರಿಗೆ ಓಗೊಡುವ ಜಾತಿ. ಆದರೂ ಅದಕ್ಕೆ ದಫ್ತರದಲ್ಲಿ ಪುಟವಿರುವುದುಂಟು. ಕಾರಣಗಳು ಎರಡು.

ಮೊದಲನೆಯದು ಶ್ರುತಿ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹೊರಬಂದ ಎರಡು ತಂಬೂರಿಗಳ ನಾದ ಒಂದೇ ಆಗಿರದಂತೆ, ಎರಡು ರೇಡಿಯೋಗಳೂ ನಿಖರವಾಗಿ ಒಂದೇ ಇರುವುದಿಲ್ಲ. ಆದುದರಿಂದ ಕಾರ್ಖಾನೆಯಲ್ಲಿ ಬೋರ್ಡನ್ನು ಅಳೆದು, ಎಷ್ಟು ಶಕ್ತಿಗೆ ಎಷ್ಟು ತಿರುಗಿಸಬೇಕು ಎಂಬ ತಿದ್ದುಪಡಿಯ ಅಂಕೆಗಳನ್ನು ಆ ಬೋರ್ಡಿನ ಫ್ಲಾಶ್ ನೆನಪಿನಲ್ಲೇ ಬರೆದಿಡುತ್ತಾರೆ. ಮೀಡಿಯಾಟೆಕ್ ಚಿಪ್ಪಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಈ ಭಾಗದ ಹೆಸರು ಫ್ಯಾಕ್ಟರಿ. ಪೆಟ್ಟಿಗೆಯ ಮ್ಯಾಕ್ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಅದೂ ಅಲ್ಲೇ. ಆ ಅಂಕೆಗಳು ಫ್ಲಾಶಿನ ಯಾವ ಭಾಗದಲ್ಲಿ, ಎಷ್ಟನೆಯ ಬೈಟಿನಿಂದ ಆರಂಭ ಎಂದು ಡಿವೈಸ್ ಟ್ರೀ ಹೇಳುತ್ತದೆ. ಜಾಗ ತಪ್ಪಾಗಿ ಬರೆದರೆ ಡ್ರೈವರ್ ಬೇರೇನನ್ನೋ ಓದಿ ರೇಡಿಯೋವನ್ನು ತಪ್ಪು ಶ್ರುತಿಗೆ ಕೂರಿಸುತ್ತದೆ. ಇಲ್ಲವೇ ಕೆಲಸವನ್ನೇ ನಿರಾಕರಿಸುತ್ತದೆ.

ಎರಡನೆಯದು ಹದ್ದು. 5 ಗಿಗಾಹರ್ಟ್ಸ್ ರೇಡಿಯೋ ಎರಡೆರಡು ಇರುವ ದುಬಾರಿ ರೌಟರುಗಳುಂಟು. ಒಂದಕ್ಕೆ ಕೆಳಗಿನ ಅರ್ಧ, ಇನ್ನೊಂದಕ್ಕೆ ಮೇಲಿನ ಅರ್ಧ ಎಂದು ಸೋಸುವ ಫಿಲ್ಟರುಗಳನ್ನು ಹೊರಗೆ ಜೋಡಿಸಿರುತ್ತಾರೆ. ಚಿಪ್ಪಿಗೆ ಇದು ತಿಳಿಯದು. ಅದು "ನಾನು ಪೂರ್ತಿ ಹರವಿನಲ್ಲೂ ಹಾಡಬಲ್ಲೆ" ಎಂದೇ ಹೇಳುತ್ತದೆ. ಫಿಲ್ಟರಿನ ಸಂಗತಿ ಬಲ್ಲದ್ದು ದಫ್ತರ ಮಾತ್ರ. ಅದಕ್ಕಾಗಿ ಐಇಇಇ 80211 ಫ್ರೀಕ್ ಲಿಮಿಟ್ ಎಂಬ ಕಲಮು ಇದೆ. ಅದರಲ್ಲಿ ಕೆಳಗಿನ ಎಲ್ಲೆ, ಮೇಲಿನ ಎಲ್ಲೆ ಎರಡನ್ನೂ ಕಿಲೋಹರ್ಟ್ಸಿನಲ್ಲಿ ಬರೆಯುತ್ತಾರೆ. 5 ಗಿಗಾಹರ್ಟ್ಸ್ ಎಂದರೆ 5000000 ಎಂದು ಬರೆಯಬೇಕು.

ಇದ್ದುದನ್ನು ಇದ್ದ ಹಾಗೆ

ಈ ದಫ್ತರಕ್ಕೆ ಒಂದು ಧರ್ಮವಿದೆ. ಯಂತ್ರದಲ್ಲಿ ಏನಿದೆಯೋ ಅದನ್ನು ಬರೆಯಬೇಕು. ಯಾರು ಏನು ಮಾಡಬೇಕು ಎಂಬ ಹುಕುಂ ಬರೆಯಬಾರದು. ಡ್ರೈವರಿನ ಇಷ್ಟಾನಿಷ್ಟ, ಬಳಸುವವನ ಅನುಕೂಲ, ಇವು ಅಲ್ಲಿಗೆ ಸೇರಿದವಲ್ಲ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ "ಎರಡನೆಯ ಖಾತೆಯಲ್ಲಿ ಹತ್ತು ಕುದುರೆಶಕ್ತಿಯ ಮೋಟಾರು ಒಂದು" ಎಂದು ಬರೆಯುತ್ತೇವೆ. "ಇದನ್ನು ರಾತ್ರಿ ಪಾಳಿಯಲ್ಲಿ ಮಾತ್ರ ಓಡಿಸಿ" ಎಂದು ಬರೆಯುವುದಿಲ್ಲ. ಪಾಳಿ ಬದಲಾಗುತ್ತದೆ, ಮ್ಯಾನೇಜರ್ ಬದಲಾಗುತ್ತಾನೆ, ಮೋಟಾರು ಹಾಗೆಯೇ ಇರುತ್ತದೆ.

ಕಾನೂನಿನ ಮಾತು ತೆಗೆದುಕೊಳ್ಳಿ. 2.4 ಗಿಗಾಹರ್ಟ್ಸಿನಲ್ಲಿ ಅಮೆರಿಕದವರು 1ರಿಂದ 11ರವರೆಗಿನ ಚಾನೆಲುಗಳನ್ನು ಬಳಸುತ್ತಾರೆ. ನಮ್ಮ ದೇಶದಲ್ಲಿ 13ರವರೆಗೆ ಅವಕಾಶವಿದೆ. ಭಾರತ ಸರ್ಕಾರ ಈ ಹರವನ್ನು ಪರವಾನಗಿಯಿಂದ ಮುಕ್ತ ಮಾಡಿದ್ದು 2005ರಲ್ಲಿ. 5 ಗಿಗಾಹರ್ಟ್ಸಿನ ಹೆಚ್ಚಿನ ಭಾಗಕ್ಕೆ ಆ ಅನುಕೂಲ ದೊರೆತದ್ದು 2018ರಲ್ಲಿ. ಅದೇ ಬೋರ್ಡು ಎರಡೂ ದೇಶಗಳಲ್ಲಿ ಮಾರಾಟವಾಗುತ್ತದೆ. ಆದುದರಿಂದ ದೇಶ ದೇಶದ ಕಾನೂನನ್ನು ಲಿನಕ್ಸ್ ಬೇರೊಂದು ಪಟ್ಟಿಯಲ್ಲಿ ಇಡುತ್ತದೆ. ಯಂತ್ರದ ಸ್ವಭಾವ ಡಿವೈಸ್ ಟ್ರೀಯಲ್ಲಿ, ದೇಶದ ನಿಯಮ ಆ ಪಟ್ಟಿಯಲ್ಲಿ. ಹೀಗೆ ಬೇರೆಯಿಟ್ಟದ್ದರಿಂದಲೇ ಸರ್ಕಾರ ನಿಯಮ ಬದಲಿಸಿದಾಗ ಯಾವ ಬೋರ್ಡಿನ ದಫ್ತರವನ್ನೂ ತಿದ್ದಬೇಕಾಗುವುದಿಲ್ಲ. ಇಂದು ಸರಿಯಾಗಿ ಬರೆದದ್ದನ್ನು ಹತ್ತು ವರ್ಷದ ಮೇಲೆ ಬರುವ ಕರ್ನೆಲೂ ಓದಬಲ್ಲುದಾಗಿರಬೇಕು ಎಂಬುದು ಈ ಕೆಲಸ ಮಾಡುವವರ ಗುರಿ.

ನಮಗೆ ಇದರಿಂದೇನು?

ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ತುಂಬಿ ಯಂತ್ರ ಮಾರುವವರು ಅದರ ಮೂಲಬರಹವನ್ನೂ ಕೇಳಿದವರಿಗೆ ಕೊಡಬೇಕು. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ 54ಜಿ ಎಂಬ ರೌಟರಿನ ಮೂಲಬರಹ ಹೀಗೆ ಹೊರಬಂತು. ಅದರ ಆಧಾರದ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಅದನ್ನು ಇಂದಿಗೂ ಸ್ವಯಂಸೇವಕರು ನಡೆಸುತ್ತಿದ್ದಾರೆ. ಕಂಪನಿ ಕೈಬಿಟ್ಟ ರೌಟರುಗಳು ಅವರ ದೆಸೆಯಿಂದ ಇನ್ನೂ ಕೆಲಸ ಮಾಡುತ್ತಿವೆ. ಬಡವನ ಖೋಲಿಯಲ್ಲಿ ಒಂದು ಪೆಟ್ಟಿಗೆ ಇನ್ನೂ ನಾಲ್ಕು ವರ್ಷ ಬಾಳಿದರೆ ಉಳಿಯುವ ಹಣ ಸಣ್ಣದೇನಲ್ಲ.

ಈ ದಾರಿ ಹಿಡಿಯುವವರು ಎರಡು ಮಾತು ನೆನಪಿಡಬೇಕು. ಒಂದು, ಪೆಟ್ಟಿಗೆಯ ಹೆಸರು ನೋಡಿ ನಂಬಬೇಡಿ. ಬೆನ್ನಿನ ಚೀಟಿಯಲ್ಲಿರುವ ವರ್ಷನ್ ಸಂಖ್ಯೆ ನೋಡಿ. ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಆರ್ 841ಎನ್ ಎಂಬ ಒಂದೇ ಹೆಸರಿನಲ್ಲಿ ಅನೇಕ ವರ್ಷನ್‌ಗಳು ಬಂದಿವೆ. 11ನೆಯದರಲ್ಲಿ ಕ್ವಾಲ್‌ಕಾಮ್ ಚಿಪ್, 13ನೆಯದರಲ್ಲಿ ಮೀಡಿಯಾಟೆಕ್ ಚಿಪ್. ಒಂದರ ದಫ್ತರ ಇನ್ನೊಂದಕ್ಕೆ ನಡೆಯದು. ತರುಣರ ಪ್ರಶ್ನೆಗೆ ಉತ್ತರದ ಉಳಿದರ್ಧ ಇದು: ಒಂದೇ ಚಿಪ್ಪಿಗೆ ಹಲವು ಬೋರ್ಡುಗಳಿರುವಂತೆ, ಒಂದೇ ಹೆಸರಿಗೂ ಹಲವು ಯಂತ್ರಗಳಿರುತ್ತವೆ.

ಎರಡು, ಫ್ಯಾಕ್ಟರಿ ಭಾಗದ ನಕಲನ್ನು ತೆಗೆದು ಬೇರೆ ಕಡೆ ಜೋಪಾನ ಮಾಡಿ. ಬೇರೆಲ್ಲವನ್ನೂ ಮತ್ತೆ ತುಂಬಬಹುದು. ಆ ಬೋರ್ಡಿನ ಶ್ರುತಿಯ ಅಂಕೆಗಳು ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ. ನೆರೆಮನೆಯವರ ಪೆಟ್ಟಿಗೆಯಿಂದ ನಕಲು ಮಾಡಿದರೆ ಅದು ಅವರ ರೇಡಿಯೋದ ಶ್ರುತಿಯಾಗುತ್ತದೆ, ಮ್ಯಾಕ್ ವಿಳಾಸವೂ ಅವರದೇ ಬಂದುಬಿಡುತ್ತದೆ. ಸಾಫ್ಟ್‌ವೇರ್ ತುಂಬುವಾಗ ನಡುವೆ ವಿದ್ಯುತ್ ಹೋಗದಂತೆಯೂ ಎಚ್ಚರವಿರಲಿ.

ಕಲಿಯುವ ಆಸಕ್ತಿಯುಳ್ಳ ತರುಣರಿಗೆ ಕೊನೆಯದಾಗಿ ಒಂದು ಸೂಚನೆ. ಹೊಸ ಪೆಟ್ಟಿಗೆಗೆ ದಫ್ತರ ಬರೆಯುವವರು ಮೊದಲು ಮುಚ್ಚಳ ತೆಗೆದು ಚಿಪ್ಪುಗಳ ಮೇಲಿನ ಹೆಸರು ಓದುತ್ತಾರೆ. ಬೋರ್ಡಿನ ಸೀರಿಯಲ್ ಕಾಲುಗಳಿಗೆ ಮೂರು ತಂತಿ ಜೋಡಿಸಿ, ಹಳೆಯ ಸಾಫ್ಟ್‌ವೇರ್ ಏಳುವಾಗ ಹೇಳುವ ಮಾತುಗಳನ್ನು ಬರೆದುಕೊಳ್ಳುತ್ತಾರೆ. ಅದೇ ಚಿಪ್ಪಿನ ಇನ್ನೊಂದು ಬೋರ್ಡಿನ ಕಡತವನ್ನು ಪಕ್ಕದಲ್ಲಿಟ್ಟುಕೊಂಡು, ವ್ಯತ್ಯಾಸಗಳನ್ನು ಒಂದೊಂದಾಗಿ ತುಂಬುತ್ತಾರೆ. ಯಾವ ದೀಪ ಯಾವ ಕಾಲಿನದು, ಯಾವ ಗುಂಡಿ ಯಾವುದರದು ಎಂದು ಪರೀಕ್ಷಿಸಿ ನೋಡುತ್ತಾರೆ. ಮುಗಿದ ಮೇಲೆ ಎಲ್ಲರ ಮುಂದಿಡುತ್ತಾರೆ. ಬಲ್ಲವರು ತಪ್ಪು ತೋರಿಸುತ್ತಾರೆ, ತಿದ್ದಿದ ಮೇಲೆ ಅದು ಜಗತ್ತಿನ ಸ್ವತ್ತಾಗುತ್ತದೆ. ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ. ಬೇಕಾದುದು ತಾಳ್ಮೆ, ಅಂಕೆಯಲ್ಲಿ ಶುದ್ಧಿ, ಕಂಡದ್ದನ್ನಷ್ಟೇ ಬರೆಯುವ ನಿಷ್ಠೆ. ದಫ್ತರ ಬರೆದು ಪಳಗಿದ ನಮ್ಮ ಗುಮಾಸ್ತ ಬಂಧುಗಳಿಗೆ ಈ ಗುಣಗಳನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಮನೆಯಲ್ಲಿ ರಾಸ್ಪ್‌ಬೆರಿ ಪೈ ಇದ್ದವರು ಅದರ ಪ್ರಾಕ್ ಎಂಬ ಕೋಶದೊಳಗೆ ಡಿವೈಸ್-ಟ್ರೀ ಎಂಬ ಕೋಶವನ್ನು ತೆರೆದು ನೋಡಿ. ಓಡುತ್ತಿರುವ ಯಂತ್ರದ ದಫ್ತರ ಪುಟಪುಟವಾಗಿ ಅಲ್ಲಿದೆ. ಮಾಡೆಲ್ ಎಂಬ ಕಲಮಿನಿಂದ ಆರಂಭಿಸಿ. ಬೋರ್ಡಿನ ಹೆಸರು ಸಿಗುತ್ತದೆ. ಅಲ್ಲಿಂದ ಕೊಂಬೆ ಹಿಡಿದು ರೇಡಿಯೋದ ಗೆಣ್ಣಿನ ತನಕ ಹೋಗುವುದು ಒಂದು ಸಂಜೆಯ ಕೆಲಸ.